ಅಡವಿ ಮಾತು: ‘ಇದೇನಮ್ಮ ಕಾಡು, ಎಲ್ಲಾ ಸತ್ತೋಗಿದೆ!’

(ಚಿತ್ರದುರ್ಗದ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ 33 ವರ್ಷ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಟೀಚರ್, ಏಪ್ರಿಲ್ ರಜೆಯಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದೆವು. ಕಂಡಿದ್ದು ಬರೀ ಬೋಳು ಮರ, ಕಲ್ಲು, ಬಿಸಿಲು. ‘ಇದೇನಮ್ಮ ಕಾಡು, ಎಲ್ಲಾ ಸತ್ತೋಗಿದೆ’ ಅಂದಳು ಮಗಳು. ಏನು ಹೇಳಬೇಕೋ ನನಗೂ ತೋಚಲಿಲ್ಲ. ಯಾವ ತಿಂಗಳಲ್ಲಿ ಹೋದರೆ ಚೆನ್ನ?
– ಗೃಹಿಣಿ, ದಾವಣಗೆರೆ

ಉತ್ತರ: ತಿಂಗಳಿನ ಮಾತು ಆಮೇಲೆ ತಾಯಿ, ಮೊದಲು ನಿಮ್ಮ ಮಗಳಿಗೆ ಉತ್ತರ ಹೇಳಬೇಕು. ಆ ಮರಗಳು ಸತ್ತಿರಲಿಲ್ಲ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಅದರ ಹತ್ತನೇ ಒಂದು ಪಾಲೂ ಇಲ್ಲದ ನೀರಿನಲ್ಲಿ ಇಲ್ಲಿನ ಕಮರ, ದಿಂಡಿಗ, ಕಗ್ಗಲಿ ಮರಗಳು ವರ್ಷ ದೂಡಬೇಕು. ಎಲೆ ಇಟ್ಟುಕೊಂಡರೆ ಒಳಗಿನ ನೀರೆಲ್ಲ ಎಲೆಯ ಸಣ್ಣ ತೂತುಗಳಿಂದ ಆವಿಯಾಗಿ ಹೋಗುತ್ತದೆ. ಅದಕ್ಕೇ ಬಿಸಿಲು ಬಲಿಯುವ ಮುಂಚೆ ಎಲೆ ಉದುರಿಸಿ ಸುಮ್ಮನೆ ನಿಂತುಬಿಡುತ್ತವೆ. ಮಳೆ ಸರಿಯಾಗಿ ಬಾರದ ವರ್ಷ ನಮ್ಮ ರೈತರು ಖರ್ಚು ಕಡಿಮೆ ಮಾಡಿಕೊಂಡು ಮನೆ ನಡೆಸುವುದಿಲ್ಲವೇ, ಹಾಗೆ.

ಇದನ್ನು ನಾನು ಮಕ್ಕಳಿಗೆ ಹೇಳುವುದಕ್ಕಿಂತ ತೋರಿಸುತ್ತಿದ್ದೆ. ಕಾಡೊಳಗೆ ಮರ ಮುಟ್ಟಿ ಗಾಯ ಮಾಡುವುದು ಬೇಡ, ಊರಂಚಿನ ಯಾವುದಾದರೂ ಬೋಳು ಮರ ಸಾಕು. ಕಿರುಬೆರಳು ಗಾತ್ರದ ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ಒಂದು ಅಕ್ಕಿಕಾಳಿನಷ್ಟು ಕೆರೆಯಬೇಕು. ಮೇಲೆ ಬೂದಿ ಬಣ್ಣ, ಒಣಗಿ ಬಿರುಕು ಬಿಟ್ಟಿರುತ್ತದೆ. ಕೆಳಗೆ ಹಸಿ ಬಟಾಣಿಯಂಥ ಹಸಿರು, ಬೆರಳಿಗೆ ತೇವ ತಾಗುತ್ತದೆ. ‘ಟೀಚರ್, ಬದುಕಿದೆ!’ ಎಂದು ಕೂಗದ ಮಗುವನ್ನು ನಾನು ಕಂಡಿಲ್ಲ. ನಿಮ್ಮ ಮಗಳಿಗೂ ಒಮ್ಮೆ ಮಾಡಿಸಿ.

ಇನ್ನು ತಿಂಗಳು. ಜೂನ್‌ನಲ್ಲಿ ಮೃಗಶಿರ, ಆರಿದ್ರಾ ಮಳೆ ಹಿಡಿದ ಮೇಲೆ ಬೆಟ್ಟ ಹಸಿರಾಗುತ್ತದೆ, ಬೆಳಗಿನ ಹೊತ್ತು ಮೋಡ ಜೋಗಿಮಟ್ಟಿಯ ನೆತ್ತಿ ಸವರಿಕೊಂಡು ಹೋಗುತ್ತದೆ. ಹುಬ್ಬಿಯಿಂದ ಹಸ್ತದವರೆಗೆ, ಅಂದರೆ ಸೆಪ್ಟೆಂಬರ್ ಹಾಗೂ ಅಕ್ಟೋಬರ್ ಶುರು, ಹುಲ್ಲು ಸೊಂಟದವರೆಗೆ ಬೆಳೆದು ಚಿಟ್ಟೆಗಳು ತುಂಬಿರುತ್ತವೆ. ಎಲ್ಲರೂ ಆಗಲೇ ಹೋಗುತ್ತಾರೆ, ನೀವೂ ಹೋಗಿ. ಆದರೆ ಶಿವರಾತ್ರಿ ಕಳೆದು ಹೋಳಿ ಬರುವುದರೊಳಗೆ ಇನ್ನೊಂದು ಸಲ ಹೋಗಿಬನ್ನಿ ಎನ್ನುತ್ತೇನೆ ನಾನು. ಆಗ ಮುತ್ತುಗ ಹೂ ಬಿಟ್ಟಿರುತ್ತದೆ. ಒಂದೆಲೆಯೂ ಇಲ್ಲದ ಡೊಂಕು ಕೊಂಬೆಯ ಉದ್ದಕ್ಕೂ ಕೆಂಡದಂಥ ಹೂ, ಅದರ ಕಪ್ಪು ತೊಟ್ಟಿನ ಮೇಲೆ ಮಖಮಲ್ಲಿನಂಥ ರೋಮ. ಗೊರವಂಕ, ಪಿಕಳಾರ, ಸೂರಕ್ಕಿ ಎಲ್ಲವೂ ಮಕರಂದಕ್ಕೆ ಮುತ್ತಿಕೊಂಡು ಜಗಳವಾಡುತ್ತಿರುತ್ತವೆ. ಗೊರವಂಕದ ಹಣೆಯಲ್ಲಿ ಪರಾಗ ಅಂಟಿ ಹಳದಿ ಬೊಟ್ಟಿಟ್ಟಂತೆ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಲೆ ಇದ್ದಿದ್ದರೆ ಇಷ್ಟು ಸಲೀಸಾಗಿ ಕಾಣುತ್ತಿರಲಿಲ್ಲ.

ಎರಡೂ ಸಲ ಅದೇ ಜಾಗಕ್ಕೆ ಹೋಗಿ, ಅದೇ ಮರದ ಬುಡದಲ್ಲಿ ಅರ್ಧ ಗಂಟೆ ಕೂರಿ. ಒಂದೇ ದಿನ ಕೋಟೆ, ಚಂದ್ರವಳ್ಳಿ, ಆಡುಮಲ್ಲೇಶ್ವರದ ಕಿರು ಮೃಗಾಲಯ, ಜೋಗಿಮಟ್ಟಿ ಎಲ್ಲ ಮುಗಿಸಲು ಹೊರಟವರು ಕಾರಿನ ಕಿಟಕಿಯನ್ನಷ್ಟೇ ನೋಡಿ ಬರುತ್ತಾರೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಪ್ರವೇಶ ನಿಲ್ಲಿಸುವುದುಂಟು. ಹೊರಡುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಪ್ರಶ್ನೆ: ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ನೋಡಲೆಂದು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಡೆ ಎರಡು ಸಲ ಹೋದೆ. ಒಂದೂ ಕಾಣಲಿಲ್ಲ. ನೀರಿನ ಗುಂಡಿ ಹತ್ತಿರ ಅಡಗಿ ಕೂತರೆ ಫೋಟೊ ಸಿಗುತ್ತದೆ ಎನ್ನುತ್ತಾನೆ ಗೆಳೆಯ. ಯಾವ ಜಾಗ ಒಳ್ಳೆಯದು, ಹೇಳುವಿರಾ?
– ಕಾಲೇಜು ವಿದ್ಯಾರ್ಥಿ, ಹರಿಹರ

ಉತ್ತರ: ಜಾಗ ಹೇಳುವುದಿಲ್ಲ ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ಯಾಕೆಂದು ಹೇಳುತ್ತೇನೆ.

ಕೊಂಡುಕುರಿಗೆಂದೇ 2011ರಲ್ಲಿ ಅಲ್ಲಿನ ಸುಮಾರು 77 ಚದರ ಕಿಲೋಮೀಟರ್ ಕಾಡು ಅಭಯಾರಣ್ಯವಾಯಿತು. ಹುಲಿ, ಆನೆ ಹೆಸರಿನಲ್ಲಿ ಕಾಡು ಉಳಿಸುವುದನ್ನು ಎಲ್ಲರೂ ಕೇಳಿದ್ದೇವೆ. ಇಪ್ಪತ್ತು ಕಿಲೊ ಆಸುಪಾಸು ತೂಗುವ, ನಮ್ಮ ಮೇಕೆಯ ಎತ್ತರದ ಒಂದು ಪ್ರಾಣಿಯ ಹೆಸರಿನಲ್ಲಿ ನಮ್ಮ ಬಯಲುಸೀಮೆಯ ಕುರುಚಲು ಕಾಡು ಉಳಿದಿದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿರುವುದು ಇದಕ್ಕೊಂದಕ್ಕೇ. ಅದೂ ಗಂಡಿಗೆ ಮಾತ್ರ. ಹಿಂದಿನ ಜೋಡಿ ಗೇಣಿಗಿಂತ ಕಡಿಮೆ, ಮುಂದಿನ ಜೋಡಿ ಹಣೆಯ ಮೇಲೆ ಮೊಳಕೆ ಒಡೆದಂತೆ ಒಂದೆರಡು ಅಂಗುಲವಷ್ಟೇ. ಕೃಷ್ಣಮೃಗದ ಹಾಗೆ ಬಯಲಲ್ಲಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ, ಪೊದೆ ಹುಲ್ಲಿನ ಮರೆಯಲ್ಲೇ ಬದುಕು.

ನನ್ನ ಜೀವಮಾನದಲ್ಲಿ ಅದನ್ನು ಕಂಡಿದ್ದು ಮೂರೇ ಸಲ. ಮೂರೂ ಸಲ ಬೆನ್ನು ಕಂಡಿತು, ಅಷ್ಟೇ. ಆದರೆ ಮೊದಲ ಸಲ ಕಾಡು ಕಾಯುವ ವಾಚರ್ ಒಬ್ಬರು ತೋರಿಸಿದ್ದನ್ನು ಇವತ್ತಿಗೂ ಮರೆತಿಲ್ಲ. ಕೊಂಡುಕುರಿ ಹಿಕ್ಕೆ ಹಾಕಲು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದೆ. ಕಾರೆ ಪೊದೆಯ ಪಕ್ಕ ಮೊರದಗಲದ ನೆಲ. ತಳದಲ್ಲಿ ಹಳೆಯವು ಬಿಸಿಲಿಗೆ ಬೆಳ್ಳಗಾಗಿ ಪುಡಿಯಾಗುತ್ತಿದ್ದವು, ನಡುವೆ ಕಂದು ಬಣ್ಣದವು, ಮೇಲೆ ಆ ದಿನ ಬೆಳಗ್ಗೆ ಹಾಕಿದ, ಹುಣಸೆ ಬೀಜಕ್ಕಿಂತ ಚಿಕ್ಕ, ಕಪ್ಪಗೆ ಹೊಳೆಯುವ ಹಿಕ್ಕೆ. ‘ಇದನ್ನ ನೋಡಿದ್ರೆ ಅದನ್ನೇ ನೋಡಿದಂಗೆ ಟೀಚರ್. ತಿಂಗಳಿಂದ ಇಲ್ಲೇ ಐತೆ, ಬೆಳಗ್ಗೆನೂ ಬಂದೋಗೈತೆ’ ಅಂದರು. ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದ ನನಗೆ ಮೈ ಝುಂ ಅಂದಿತು.

ಈಗ ನೀರಿನ ಮಾತು. ಕೊಂಡುಕುರಿ ನೀರು ಬಿಟ್ಟು ದೂರ ಬದುಕುವ ಪ್ರಾಣಿಯಲ್ಲ. ಬೇಸಿಗೆಯಲ್ಲಿ ಆ ಕಾಡಿನಲ್ಲಿ ನೀರಿರುವ ಜಾಗ ಬೆರಳೆಣಿಕೆಯಷ್ಟು. ಅಲ್ಲಿ ನೀನು ಅಡಗಿ ಕೂತರೆ ಗಾಳಿಯಲ್ಲೇ ಅದಕ್ಕೆ ನಿನ್ನ ವಾಸನೆ ಸಿಗುತ್ತದೆ, ಹತ್ತಿರ ಬರುವುದಿಲ್ಲ. ನೀನು ಕಾದ ಒಂದೊಂದು ಗಂಟೆಯೂ ಅದು ಬಾಯಾರಿ ನಿಂತ ಗಂಟೆ. ಹೊಟ್ಟೆಯಲ್ಲಿ ಮರಿ ಇದ್ದರಂತೂ ಕೇಳಲೇಬೇಡ. ನಮ್ಮ ನೆಲದಲ್ಲಿ ನೀರಿನ ಬೆಲೆ ಇಂದು ನಿನ್ನೆಯದಲ್ಲ. ಚಂದ್ರವಳ್ಳಿಯ ಬಂಡೆಯ ಮೇಲೆ 4ನೇ ಶತಮಾನದ ಕದಂಬ ದೊರೆ ಮಯೂರಶರ್ಮ ಗೆದ್ದ ರಾಜ್ಯಗಳ ಹೆಸರಿನ ಜೊತೆಗೇ ಕೆರೆ ಕಟ್ಟಿಸಿದ್ದನ್ನೂ ಕೆತ್ತಿಸಿದ್ದಾನೆ. ಆದ್ದರಿಂದ ನೀರು ಬಿಟ್ಟು ದೂರ ಇರು, ಇಲಾಖೆಯ ಅನುಮತಿ ಪಡೆದು ಅವರ ಜೊತೆಯಲ್ಲೇ ಹೋಗು. ಕ್ಯಾಮೆರಾ ಇದ್ದೇ ಇದೆಯಲ್ಲ, ಹಿಕ್ಕೆಯ ಜಾಗದ, ಕೆಸರಲ್ಲಿ ಮೂಡಿದ ಗೊರಸಿನ ಫೋಟೊ ತೆಗೆ. ನನಗೂ ಒಂದು ಕಳಿಸು.

ಪ್ರಶ್ನೆ: ಬೆಟ್ಟದಲ್ಲಿ ಸೀತಾಫಲ ಹೇರಳವಾಗಿದೆ. ಒಂದು ಚೀಲ ಕಿತ್ತುಕೊಂಡು ಬಂದರೆ ತಪ್ಪೇ?
– ಓದುಗರು, ಭರಮಸಾಗರ

ಉತ್ತರ: ತಪ್ಪು. ಅಭಯಾರಣ್ಯದೊಳಗಿನ ಹಣ್ಣು, ಸೌದೆ, ಜೇನು ಯಾವುದನ್ನೂ ಅನುಮತಿ ಇಲ್ಲದೆ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಸೀಸನ್ನಿನಲ್ಲಿ ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂತಿರುವ ಹೆಣ್ಣುಮಕ್ಕಳ ಹತ್ತಿರ ಚೌಕಾಸಿ ಮಾಡದೆ ಕೊಳ್ಳಿ. ಕಣ್ಣು ಬಿಟ್ಟ ಕಾಯಿ ಆರಿಸಿ ಕೊಡುತ್ತಾರೆ, ಮನೆಯಲ್ಲಿ ಎರಡು ದಿನಕ್ಕೆ ಹಣ್ಣಾಗುತ್ತದೆ.

ಪ್ರಶ್ನೆ: ಹೊಳಲ್ಕೆರೆ ನನ್ನ ಮೂಲ ಊರು, ಇರುವುದು ಬೆಂಗಳೂರಿನಲ್ಲಿ. ಕಾಡಂಚಿನ ಹಳ್ಳಿಗಳ ಹೊಲಗಳಲ್ಲಿ ಸುಮ್ಮನೆ ನಡೆದಾಡುವ ಆಸೆ. ಯಾರಾದರೂ ಬೈದರೆ ಎಂಬ ಅಳುಕು. ಕರಡಿಯ ಭಯವೂ ಇದೆ.

ಉತ್ತರ: ಬದುವಿನ ಮೇಲೆ ನಡೆಯುವವರನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲ, ಬೆಳೆ ತುಳಿದರೆ ಬೈಯುತ್ತಾರೆ. ‘ಅಜ್ಜಾ, ಈ ಕಡೆಯಿಂದ ಹೋಗಬಹುದಾ?’ ಎಂದು ಕೇಳಿ ನೋಡಿ. ಎಲ್ಲಿಯವರು, ಯಾರ ಪೈಕಿ, ಊಟ ಆಯಿತಾ ಎಂದು ನಾಲ್ಕು ಪ್ರಶ್ನೆ ಅವರೇ ಕೇಳುತ್ತಾರೆ. ಹುಷಾರಾಗಿ ಇಡಬೇಕಾದದ್ದು ಅಕ್ಕಡಿ ಸಾಲಿನಲ್ಲಿ ಕಾಲು. ಶೇಂಗಾ ನಡುವೆ ತೊಗರಿ, ಅಲಸಂದೆ ಹಾಕಿರುತ್ತಾರೆ, ಅದು ಮನೆಯ ಸಾರಿನ ಬೇಳೆ. ಊರವರಾದ ನಿಮಗೆ ಇದು ಗೊತ್ತು, ಜೊತೆಗೆ ಬರುವವರಿಗೆ ಹೇಳಿ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಕಾಡಂಚಿನ ರೈತ ಶೇಂಗಾ ಬಲಿಯುವ ಕಾಲಕ್ಕೆ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಹಂದಿ ಕಾಯುತ್ತಾನೆ. ಒಮ್ಮೆ ಬೆಳಗ್ಗೆ ಹೀಗೇ ಹೋಗುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ, ಕಣ್ಣು ಕೆಂಪಗಿತ್ತು. ಅವನ ಹೊಲದ ಮೂಲೆಯಲ್ಲಿ ನೇಗಿಲು ಹೊಡೆದಂತೆ ನೆಲ ಕೆದರಿತ್ತು, ಹಾಲುಗಾಯಿ ಜಗಿದು ಉಗಿದ ಸಿಪ್ಪೆ ಹರಡಿತ್ತು. ‘ಒಂದು ಗಳಿಗೆ ಕಣ್ಣು ಹತ್ತಿತು ಟೀಚರ್’ ಅಂದ. ಅಂಥವನ ಮುಂದೆ ನಿಂತು ಕಾಡು ಎಷ್ಟು ಚೆನ್ನ ಎಂದು ಹೊಗಳುವ ಮೊದಲು ಅವನ ಕಷ್ಟ ಕೇಳಬೇಕು. ನಾವು ನೋಡಿಕೊಂಡು ಬರುವ ಕಾಡಿಗೆ ಅವನು ತನ್ನ ಬೆಳೆಯಲ್ಲಿ ಬಾಡಿಗೆ ಕಟ್ಟುತ್ತಿದ್ದಾನೆ.

ಕರಡಿಗೆ ಕಣ್ಣು ಮಂದ, ಮೂಗು ಚುರುಕು. ದಿಢೀರನೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಸೂರ್ಯ ಮೇಲೇರುವ ಮೊದಲು, ಸಂಜೆ ದನ ಮನೆಗೆ ತಿರುಗಿದ ಮೇಲೆ ಕಾಡಂಚಿಗೆ ಹೋಗಬೇಡಿ. ಹಸಿಯಾಗಿ ಬಗೆದ ಹುತ್ತ ಕಂಡರೆ, ಕಕ್ಕೆ ಬೀಜ ತುಂಬಿದ ಲದ್ದಿ ಕಂಡರೆ ಗಟ್ಟಿಯಾಗಿ ಮಾತಾಡುತ್ತಾ ವಾಪಸ್ ತಿರುಗಿ.

ಪ್ರಶ್ನೆ: ನಾವು ಹತ್ತು ಗೆಳೆಯರು ಮಾರ್ಚಿಯಲ್ಲಿ ಕಾಡಿಗೆ ಹೋಗಿ ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣುವ ಯೋಚನೆಯಲ್ಲಿದ್ದೇವೆ. ಏನೇನು ಜಾಗ್ರತೆ ಬೇಕು?
– ಓದುಗರು, ಚಳ್ಳಕೆರೆ

ಉತ್ತರ: ಒಲೆ ಹೂಡಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಆದರೆ ಕಾಯ್ದೆಗಿಂತ ಹೆಚ್ಚಾಗಿ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಇಡುತ್ತೇನೆ.

1994ರ ಮಾರ್ಚ್. ಶಾಲೆಯ ನಲವತ್ತು ಮಕ್ಕಳನ್ನು ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆವು. ಬಿಸಿ ಉಪ್ಪಿಟ್ಟು ಮಾಡಿ ಹಾಕೋಣ ಎಂದವಳು ನಾನೇ. ಮೂರು ಕಲ್ಲಿಟ್ಟು, ಸುತ್ತ ಗುಡಿಸಿ, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡೇ ಹಚ್ಚಿದೆ. ರವೆ ಹುರಿಯುತ್ತಿದ್ದಾಗ ಒಂದು ಗಾಳಿ ಬೀಸಿತು, ಒಂದೇ ಒಂದು ಕಿಡಿ ಹಾರಿ ಕರಡದ ಹುಲ್ಲಿಗೆ ಬಿತ್ತು. ಕೊಡದ ನೀರು ಯಾವ ಮೂಲೆಗೂ ಸಾಲಲಿಲ್ಲ. ಬೆಂಕಿ ಗುಡ್ಡ ಹತ್ತುವಾಗ ಮನುಷ್ಯರಿಗಿಂತ ಜೋರಾಗಿ ಓಡುತ್ತದೆ ಎಂದು ನನಗೆ ಅವತ್ತೇ ತಿಳಿದಿದ್ದು. ಕುರಿ ಕಾಯುತ್ತಿದ್ದ ಇಬ್ಬರು ಓಡಿ ಬಂದು, ಬಂದ್ರೆ ಸೊಪ್ಪಿನ ಹಸಿ ಕೊಂಬೆ ಮುರಿದು ಬಡಿದು ಬಡಿದು ಆರಿಸಿದರು. ಅಷ್ಟರಲ್ಲಿ ಎರಡೆಕರೆ ಕರಕಲಾಗಿತ್ತು. ಮಕ್ಕಳಿಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ.

ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಆ ಬೂದಿಯಲ್ಲಿ ಏನನ್ನೋ ಹುಡುಕಿ, ಟೋಪಿಯಲ್ಲಿಟ್ಟುಕೊಂಡು ತಂದ. ಕೌಜುಗದ ಆರು ಮೊಟ್ಟೆ. ಮಸಿ ಹಿಡಿದಿದ್ದವು, ಒಂದು ಸೀಳಿತ್ತು, ಮುಟ್ಟಿದರೆ ಇನ್ನೂ ಬಿಸಿ. ‘ಟೀಚರ್, ಇವು ಇನ್ನೂ ಮರಿ ಆಗ್ತಾವಾ?’ ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ.

ಮಾರ್ಚಿಯಲ್ಲಿ ಹೋಗಿ, ಮುತ್ತುಗ ಸಿಕ್ಕರೂ ಸಿಕ್ಕೀತು. ಬುತ್ತಿ ಮನೆಯಲ್ಲೇ ಕಟ್ಟಿಕೊಳ್ಳಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಈರುಳ್ಳಿ, ಹಾಲು ಹಾಕಿ ಕಲಸಿದ ಮೊಸರನ್ನ ಸಂಜೆಯವರೆಗೂ ಕೆಡುವುದಿಲ್ಲ. ತಲೆಗೆ ಎರಡು ಲೀಟರ್ ನೀರು. ನಿಮ್ಮಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಬೆಂಕಿಪೊಟ್ಟಣ, ಲೈಟರ್ ಎರಡನ್ನೂ ಹೊರಡುವಾಗಲೇ ಈಸಿಕೊಂಡು ಮನೆಯಲ್ಲಿಡಿ.