ಮ್ಯಾನೇಜರ್ ಆಗ್ಲೇನ್ರೀ ಮೇಡಂ, ಬ್ಯಾಡೇನ್ರೀ?

ಕೆಲಸದ ವಿಷಯದಲ್ಲಿ ಸಲಹೆ ಕೇಳಿ ನನ್ನ ಹತ್ತಿರ ಬಂದ ಒಬ್ಬರ ಕತೆ ಇದು. ಹೆಸರು ಬೇಡ. ಇಲ್ಲಿ "ಇವರು" ಅಂತಲೇ ಬರೆಯುತ್ತೇನೆ. ವಯಸ್ಸು, ಸಂಬಳ, ಮನೆಯ ವಿವರ ಒಂಚೂರು ಆಚೆ ಈಚೆ ಮಾಡಿದ್ದೇನೆ. ಬರೆಯೋಕೆ ಅವರೇ ಒಪ್ಪಿದ್ದಾರೆ. "ನನ್ನಂಥೋರು ಬಾಳ ಮಂದಿ ಅದಾರ್ರೀ, ಬರೀರಿ" ಅಂದರು.

ಕಳೆದ ವರ್ಷ, ಅಂದರೆ 2025ರ ಏಪ್ರಿಲ್, ಒಂದು ಮಧ್ಯಾಹ್ನ. ರಾಯಚೂರಿನ ಏಪ್ರಿಲ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಸಿಂಧನೂರಿನಿಂದ ಬೈಕ್ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು ಬಂದಿದ್ದರು. ಎರಡು ಗ್ಲಾಸ್ ನೀರು ಕುಡಿದ ಮೇಲೆ ಮಾತು ಶುರುವಾಯಿತು. 34 ವರ್ಷ. ಕೃಷಿ ಪದವಿ. ಕೀಟನಾಶಕ ಕಂಪನಿಯೊಂದರಲ್ಲಿ 9 ವರ್ಷದಿಂದ ಸೇಲ್ಸ್. ಸಿಂಧನೂರು, ಮಾನ್ವಿ, ಸಿರವಾರ ಇವರ ಏರಿಯಾ. ಈಗ ಕಂಪನಿ ಹೇಳುತ್ತಿದೆ: ಏರಿಯಾ ಮ್ಯಾನೇಜರ್ ಆಗಿ, ಕಲಬುರಗಿಗೆ ಹೋಗಿ, 7 ಜನ ಸೇಲ್ಸ್ ಆಫೀಸರ್‌ಗಳನ್ನು ನೋಡಿಕೊಳ್ಳಿ. ಹತ್ತು ದಿನದಲ್ಲಿ ಉತ್ತರ ಕೊಡಬೇಕು.

ಮನೆಯಲ್ಲಿ ಎಲ್ಲರೂ ಒಂದೊಂದು ಹೇಳಿದ್ದರು. ಅಪ್ಪ, "ಬಿಸಲಾಗ ತಿರುಗೋದು ತಪ್ಪತದ, ಹೋಗಪ್ಪ." ಹೆಂಡತಿ, "ನಿಮಗ ಹೆಂಗ ಅನಸ್ತದ ಹಂಗ ಮಾಡ್ರಿ" (ಇದರಲ್ಲಿ ಕಲಬುರಗಿಗೆ ಬರಲು ಇಷ್ಟವಿಲ್ಲ ಅನ್ನೋದು ಸೇರಿತ್ತು, ಅದು ಇವರಿಗೆ ಗೊತ್ತಾಗಿರಲಿಲ್ಲ). ಆದರೆ ಇವರ ತಲೆಯಲ್ಲಿ ಕೂತಿದ್ದು ಸಿಂಧನೂರಿನ ಒಬ್ಬ ಹಳೇ ಡೀಲರ್ ಸಾವ್ಕಾರ್ರ ಮಾತು. "ನೀ ಹ್ವಾದಿ ಅಂದ್ರ ನಿನ್ ಕಂಪ್ನಿ ಮಾಲು ನಾ ಇಡಂಗಿಲ್ಲ ತಮ್ಮಾ."

ಮೊದಲು ದುಡ್ಡಿನ ವಿಷಯ ಮುಗಿಸೋಣ ಅಂತ ಪೇಪರ್ ಮುಂದಿಟ್ಟೆ. ಈಗ ತಿಂಗಳಿಗೆ 42,000, ವರ್ಷಕ್ಕೆ 5,04,000. ಇನ್ಸೆಂಟಿವ್, ಅಂದರೆ ಮಾರಾಟ ನೋಡಿ ಕೊಡುವ ದುಡ್ಡು, ಬೇರೆ. ಹಿಂದಿನ ಮೂರು ವರ್ಷದ್ದು ಕೇಳಿದೆ. 2022–23ರಲ್ಲಿ 3 ಲಕ್ಷ 10 ಸಾವಿರ, ಬರದ 2023–24ರಲ್ಲಿ ಬರೀ 90 ಸಾವಿರ, ಆಮೇಲೆ 2 ಲಕ್ಷ 60 ಸಾವಿರ. ಸರಾಸರಿ 2 ಲಕ್ಷ 20 ಸಾವಿರ. ಹೊಸ ಕೆಲಸಕ್ಕೆ ತಿಂಗಳಿಗೆ 56,000, ವರ್ಷಕ್ಕೆ 6,72,000. ಟೀಮ್ ಇನ್ಸೆಂಟಿವ್ ಉಂಟು, ಎಷ್ಟು ಅಂತ ಯಾರೂ ಬಾಯಿ ಬಿಟ್ಟಿಲ್ಲ. ಕಲಬುರಗಿಯಲ್ಲಿ ಮನೆ ಮಾಡಿದರೆ ಬಾಡಿಗೆಯೇ ವರ್ಷಕ್ಕೆ ಲಕ್ಷದ ಮೇಲೆ. ಅಂದರೆ ಒಳ್ಳೆ ವರ್ಷದಲ್ಲಿ ಈಗಿನ ಕೆಲಸವೇ ವಾಸಿ. ಕೆಟ್ಟ ವರ್ಷದಲ್ಲಿ ಹೊಸದು ಕೈ ಹಿಡಿಯುತ್ತದೆ, ಅದೂ ಬಾಡಿಗೆ ಉಳಿದರೆ. ಇವರು ಪೇಪರ್ ನೋಡುತ್ತಾ, "ಪ್ರಮೋಷನ್ ಅಂದ್ರ ರೊಕ್ಕ ಜಾಸ್ತಿ ಅಂತ ತಿಳಕೊಂಡಿದ್ದೆ" ಅಂದರು. ಬಹಳಷ್ಟು ಸೇಲ್ಸ್‌ನವರು ಈ ಲೆಕ್ಕ ಹಾಕುವುದೇ ಇಲ್ಲ, ತಿಂಗಳ ಸಂಬಳಕ್ಕೆ ತಿಂಗಳ ಸಂಬಳ ಹೋಲಿಸಿ ಹೂಂ ಅಂದುಬಿಡುತ್ತಾರೆ.

ಆಮೇಲೆ ಕೇಳಿದೆ, ಹೋದ ಸೀಸನ್‌ನಲ್ಲಿ ನಿಮಗೆ ಖುಷಿ ಕೊಟ್ಟ ಒಂದು ದಿನ ಹೇಳಿ.

ಹೇಳಿದರು ನೋಡಿ! ಸೆಪ್ಟೆಂಬರ್, ಸಿಂಧನೂರು ಹತ್ತಿರದ ಒಂದು ಕ್ಯಾಂಪು (ಆಂಧ್ರದಿಂದ ಬಂದು ನೆಲೆಸಿದ ರೈತರ ಊರು), ಭತ್ತಕ್ಕೆ ಕಂದು ಜಿಗಿಹುಳು ಬಿದ್ದಿದೆ, ರೈತ ಗಾಬರಿಯಲ್ಲಿ ಸಿಕ್ಕಿದ್ದೆಲ್ಲ ಹೊಡೆಯೋಕೆ ಹೊರಟಿದ್ದಾನೆ, ಇವರು ಬೆಳಿಗ್ಗೆ ಆರಕ್ಕೇ ಗದ್ದೆಗಿಳಿದು ಪೈರು ಸರಿಸಿ ಬುಡದಲ್ಲಿ ಹುಳ ತೋರಿಸಿ, ಮೊದಲು ನೀರು ಬಸಿದು ಹಾಕಿ, ಪೈರೆಥ್ರಾಯ್ಡ್ (ಒಂದು ಬಗೆಯ ಕೀಟನಾಶಕ) ಹೊಡೆದರೆ ಹುಳ ಇನ್ನೂ ಜಾಸ್ತಿ ಆಗುತ್ತದೆ, ಹೊಡೆಯೋದಾದರೆ ಬುಡಕ್ಕೆ ತಾಗಬೇಕು ಅಂತ ತೆಲುಗಿನಲ್ಲಿ ಹೇಳಿಕೊಟ್ಟಿದ್ದಾರೆ. ಹದಿನೈದು ದಿನದ ಮೇಲೆ ಪಕ್ಕದ ಗದ್ದೆಯವರೂ ಇವರನ್ನೇ ಹುಡುಕಿಕೊಂಡು ಅಂಗಡಿಗೆ ಬಂದರಂತೆ. ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದರು.

ಸರಿ, ನಿಮ್ಮ ಈಗಿನ ಮ್ಯಾನೇಜರ್ ದಿನ ಹೇಗಿರುತ್ತದೆ?

"ಎಕ್ಸೆಲ್, ಫೋನು, ಬೈಗುಳ. ಮುಗೀತ್ರೀ."

ಇಲ್ಲಿಗೇ "ಉತ್ತರ ಸಿಕ್ಕಿತಲ್ಲ, ಬೇಡ ಅನ್ನಿ" ಅನ್ನಬಹುದಿತ್ತು. ನಿಜ ಹೇಳಬೇಕಂದರೆ ನನ್ನ ಮನಸ್ಸಲ್ಲೂ ಅದೇ ಇತ್ತು. ಆದರೆ 9 ವರ್ಷದಲ್ಲಿ ಇವರು ಹತ್ತಿರದಿಂದ ನೋಡಿದ ಮ್ಯಾನೇಜರ್ ಅವರೊಬ್ಬರೇ. ಒಬ್ಬರು ಒಂದು ಕೆಲಸವನ್ನು ಕೆಟ್ಟದಾಗಿ ಮಾಡೋದನ್ನು ನೋಡಿ ಆ ಕೆಲಸವೇ ಅಷ್ಟು ಅಂದುಕೊಂಡರೆ ಹೇಗೆ? ಆ ಗದ್ದೆಯಲ್ಲಿ ಇವರು ಮಾಡಿದ್ದು ಒಂದು ಥರ ಪಾಠ. ಅದನ್ನೇ ಏಳು ಹುಡುಗರಿಗೆ ಹೇಳಿಕೊಡೋಕೆ ಆಗುತ್ತಾ, ಹೇಳಿಕೊಟ್ಟು ಸುಮ್ನೆ ಕೂರೋಕೆ ಆಗುತ್ತಾ? ಅದು ಮಾತಲ್ಲಿ ತಿಳಿಯೋದಲ್ಲ.

ಇನ್ನೊಂದು ಪ್ರಶ್ನೆ ಇತ್ತು. ನೀವು ಬೇಡ ಅಂದರೆ ಆ ಕುರ್ಚಿಗೆ ಯಾರು ಬರುತ್ತಾರೆ?

ಮುಖ ಬದಲಾಯಿತು. ಗಂಗಾವತಿ ಕಡೆ ನೋಡಿಕೊಳ್ಳುವ ಹುಡುಗ. ಇವರಿಗಿಂತ ನಾಲ್ಕು ವರ್ಷ ಜೂನಿಯರ್, ಡೀಲರ್ ಹತ್ತಿರ ಬಾಕಿ ಕೇಳೋದನ್ನು ಇವರೇ ಕಲಿಸಿದ್ದು. "ಅವನ ಕೈಕೆಳಗ್ರೀ?" ಅಂತ ಕೇಳಿ ಗೋಡೆ ನೋಡುತ್ತಾ ಕೂತರು. ಇದೊಂದೇ ಕಾರಣಕ್ಕೆ ಹೂಂ ಅನ್ನಬೇಡಿ ಅಂದೆ. ಆದರೆ ಬೇಡ ಅನ್ನುವ ಮುಂಚೆ, ಅವನು ಫೋನ್ ಮಾಡಿ "ಈ ತಿಂಗಳ ಕಲೆಕ್ಷನ್ ಎಷ್ಟಾಯಿತು" ಅಂತ ಕೇಳುವುದನ್ನು ಒಂದು ಸಲ ಕಲ್ಪಿಸಿಕೊಳ್ಳಿ. ಸಹಿಸೋಕೆ ಆಗುತ್ತದಾ ನೋಡಿ. ಈಗಿನ ಜಾಗದಲ್ಲೇ ಉಳಿದರೂ ಅದು ಈಗಿನ ಹಾಗೇ ಇರುವುದಿಲ್ಲ.

ಸಾವ್ಕಾರ್ರ ಮಾತಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರಿಗೆ ಇವರ ಮೇಲೆ ಪ್ರೀತಿ ಇರಬಹುದು. ಜೊತೆಗೆ ಉದ್ರಿ ಮಾಲು, ತಡವಾಗಿ ಕೊಡುವ ಚೆಕ್ಕು, ಅದನ್ನು ಸಹಿಸಿಕೊಳ್ಳುವ ಸೇಲ್ಸ್‌ನವನು, ಇದೂ ಬೇಕು. ಅದನ್ನು ಕಟ್ಟಿಕೊಂಡು ನಿಮ್ಮ ಮುಂದಿನ ಹತ್ತು ವರ್ಷ ನಿರ್ಧಾರ ಮಾಡಬೇಡಿ.

ಹೋಮ್‌ವರ್ಕ್ ಕೊಟ್ಟೆ. ಹೇಗೂ ಬೇಸಿಗೆ, ಸ್ಪ್ರೇ ಸೀಸನ್ ಇಲ್ಲ, ಹಳೇ ಬಾಕಿ ವಸೂಲಿ ನಡೆಯುತ್ತಿದೆ. ನಿಮ್ಮ ಫೀಲ್ಡ್ ಅಸಿಸ್ಟೆಂಟ್ ಹುಡುಗನ ಜೊತೆ ಒಂದು ಅಂಗಡಿಗೆ ಹೋಗಿ. ಬಾಕಿ ಅವನೇ ಕೇಳಲಿ. ನೀವು ಬಾಯಿ ಬಿಡಬಾರದು. ಅಷ್ಟೇ.

ಐದು ದಿನ ಬಿಟ್ಟು ಬಂದರು, ನಗುತ್ತಾ. ಮೊದಲ ಅಂಗಡಿಯಲ್ಲಿ ನಾಲ್ಕನೇ ನಿಮಿಷಕ್ಕೇ ಬಾಯಿ ಹಾಕಿದರಂತೆ. ಡೀಲರ್ರೇ "ನೀ ಸುಮ್ಕಿರು, ಹುಡುಗ ಏನೋ ಹೇಳಾಕತ್ತಾನ" ಅಂತ ಬೈದರಂತೆ. ಎರಡನೇ ಅಂಗಡಿಯಲ್ಲಿ ತಡೆಯೋಕಾಗದೆ ಎದ್ದು ಚಹಾ ಕುಡಿಯೋಕೆ ಹೋಗಿಬಿಟ್ಟರು. ವಾಪಸ್ ಬಂದಾಗ ಹುಡುಗನ ಕೈಯಲ್ಲಿ 80 ಸಾವಿರದ ಚೆಕ್.

"ನಾ ಕುಂತಿದ್ರ ಎರಡು ಲಕ್ಷ ತರ್ತಿದ್ದೆ ಮೇಡಂ. ಸಿಟ್ಟು ಬಂತು."

ಆಮೇಲೆ?

"ಅವನ ಮಾರಿ ನೋಡಿದೆ. ಮೊದಲನೇ ಚೆಕ್ಕ್ರೀ ಅದು ಅವನದು." ಸ್ವಲ್ಪ ಹೊತ್ತು ಬಿಟ್ಟು ತಾವೇ ಲೆಕ್ಕ ಹಾಕಿದರು. "ಏಳು ಮಂದಿ 80 ಸಾವಿರದಂಗ ತಂದ್ರ 5 ಲಕ್ಷ 60 ಸಾವಿರ ಆಗತದ."

ಆ ಲೆಕ್ಕ ಕೇಳಿದ ಮೇಲೆ ನನ್ನ ಮನಸ್ಸಲ್ಲಿದ್ದ "ಬೇಡ" ಸ್ವಲ್ಪ ಸಡಿಲವಾಯಿತು. ಕಂಪನಿಯನ್ನು ಏನೇನು ಕೇಳಬೇಕು ಅಂತ ಕೂತು ಬರೆದೆವು. ಟಾರ್ಗೆಟ್ ವಿಷಯ ಮೊದಲು, ಯಾಕಂದರೆ ನಮ್ಮ ಕಡೆ ಸೇಲ್ಸ್ ಅನ್ನೋದು ಕಾಲುವೆ ನೀರಿನ ಮೇಲೆ ನಿಂತಿದೆ. 2023ರಲ್ಲಿ ಬರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ, ಇದ್ದ ನೀರೆಲ್ಲ ಹೋಗುತ್ತದೆ ಅಂತ ಇಡೀ ಬಯಲುಸೀಮೆ ಉಸಿರು ಬಿಗಿಹಿಡಿದಿತ್ತು. ನೀರು ಬಂದ ವರ್ಷವೂ ಮಾನ್ವಿ, ಸಿರವಾರದಂಥ ಕೊನೆ ಭಾಗಕ್ಕೆ ಎಷ್ಟು ಮುಟ್ಟುತ್ತದೋ ದೇವರೇ ಬಲ್ಲ. ನೀರಿಲ್ಲದ ವರ್ಷ ಟೀಮಿನ ಟಾರ್ಗೆಟ್ ಇಳಿಸುತ್ತೀರಾ ಅಂತ ಕೇಳಲೇಬೇಕು. ಟೀಮ್ ಇನ್ಸೆಂಟಿವ್ ಎಷ್ಟು ಅನ್ನೋದು ಕಾಗದದಲ್ಲಿ ಬರಲಿ. ಮಗಳು ಎರಡನೇ ಕ್ಲಾಸು, ಒಂದು ವರ್ಷ ರಾಯಚೂರಿನಿಂದಲೇ ಓಡಾಡೋಕೆ ಬಿಡುತ್ತೀರಾ? ಕೊನೆಗೆ, ವರ್ಷದ ಮೇಲೆ ಹೊಂದದಿದ್ದರೆ ಇದೇ ಗ್ರೇಡಿನಲ್ಲಿ ಮತ್ತೆ ಫೀಲ್ಡಿಗೆ ಬರಬಹುದಾ? ಈ ಕೊನೇದನ್ನು ಕೇಳೋಕೆ ನಾಚಿಕೊಂಡರು. ಸೋತಂಗ ಅನಸ್ತದ ಅಂದರು. ಡೀಲರ್ ಹತ್ತಿರ ಸೇಲ್ಸ್ ರಿಟರ್ನ್ (ಮಾರಾಟವಾಗದ ಮಾಲು ವಾಪಸ್) ತಗೊಳ್ಳುವಾಗ ಯಾರು ಸೋತರು ಅಂತ ಕೇಳುತ್ತೀರಾ ಅಂದೆ. ನಕ್ಕರು, ಕೇಳಿದರು.

ಕಂಪನಿ ಮಾರ್ಚ್‌ವರೆಗೆ ರಾಯಚೂರಿಗೆ ಒಪ್ಪಿತು. ಇನ್ಸೆಂಟಿವ್ ಕಾಗದ ಕೊಟ್ಟಿತು. ಟಾರ್ಗೆಟ್‌ಗೆ, ವಾಪಸ್ ಬರೋದಕ್ಕೆ ಮಾತ್ರ "ನೋಡೋಣ" ಅಂತ ಬಾಯಿಮಾತು. ಬಾಯಿಮಾತನ್ನು ಇಲ್ಲ ಅಂತಲೇ ಲೆಕ್ಕ ಹಿಡಿಯಿರಿ, ಹಾಗೆ ಹಿಡಿದೂ ಹೋಗಬೇಕು ಅನಿಸಿದರೆ ಹೋಗಿ ಅಂದೆ. ಹೋದರು.

ಆಗಸ್ಟ್‌ನಲ್ಲಿ ಒಂದು ಫೋನ್ ಬಂತು. ಸಿಂಧನೂರಿನಲ್ಲಿ ಅದೇ ಸಾವ್ಕಾರ್ರ ಅಂಗಡಿ ಮುಂದೆ ಇದ್ದರು.

"ಹೊಸ ಹುಡುಗ ಒಳಗ ಅದಾನ್ರೀ ಮೇಡಂ. ಇಪ್ಪತ್ತು ನಿಮಿಷ ಆತು. ನಾ ಕಾರಾಗ ಕುಂತೀನಿ. ಇಳಿಬೇಕು ಅನಸ್ತದ, ಅದಕ್ಕ ನಿಮಗ ಫೋನ್ ಹಚ್ಚಿದೆ. ಏನಾರ ಮಾತಾಡ್ರಿ."