ಹಳೆ ಬೋಟಿನ ಡ್ಯಾಶ್‌ಬೋರ್ಡ್: ಸ್ಟಿಕ್ಕರ್ ತರುವ ಮುಂಚೆ ಪ್ಯಾನೆಲ್ ಬಿಚ್ಚಿ ನೋಡಿ

ಪ್ರಶ್ನೆ: ನನ್ನ ಮೋಟಾರ್‌ಬೋಟ್‌ಗೆ 25 ವರ್ಷ ಆಯ್ತು. ಡ್ಯಾಶ್‌ಬೋರ್ಡಿನ ಪ್ಲೈವುಡ್ ಪ್ಯಾನೆಲ್ ಮೀಟರ್‌ಗಳ ಸುತ್ತ ಉಬ್ಬಿದೆ, ವಾರ್ನಿಷ್ ಏಳುತ್ತಿದೆ. ಉಜ್ಜಿ ಸಮ ಮಾಡಿ ಮೇಲೆ ಕಾರ್ಬನ್ ಫೈಬರ್ ಥರದ ಸ್ಟಿಕ್ಕರ್ ಅಂಟಿಸಬಹುದಾ?

ಬೇಡ. ಎಷ್ಟು ಜನಕ್ಕೆ ಇದೇ ಮಾತು ಹೇಳಿದ್ದೀನೋ ಲೆಕ್ಕವಿಲ್ಲ. ಆದರೂ ತಿಂಗಳು ತಿಂಗಳೂ ಇದೇ ಪ್ರಶ್ನೆ ಬರುತ್ತೆ.

ಪ್ಲೈವುಡ್ ಸುಮ್ನೆ ಉಬ್ಬಲ್ಲ. ಮೀಟರ್ ಕೂರಿಸಲು ಕೊರೆದ ತೂತಿನ ಅಂಚಲ್ಲಿ ಮರದ ಪದರಗಳು ಬಾಯಿ ತೆರೆದುಕೊಂಡಿರುತ್ತವೆ. ಸ್ಕ್ರೂ ತೂತೂ ಹಾಗೇ. ನೀರು ಇಳಿಯೋದು ಅಲ್ಲಿಂದ. ಮೇಲೆ ಸ್ಟಿಕ್ಕರ್ ಹಾಕಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಇರಲ್ಲ, ಮರ ಇನ್ನೂ ಬೇಗ ಕೊಳೆಯುತ್ತೆ. ಒಮ್ಮೆ ಇಂಥದ್ದೇ ಸ್ಟಿಕ್ಕರ್ ಹಾಕಿದ ಪ್ಯಾನೆಲ್ ಬಿಚ್ಚಿದ್ದೆ. ಮೇಲೆ ಫಳಫಳ ಹೊಳೀತಿತ್ತು. ಸ್ಕ್ರೂ ಮಾತ್ರ ಬೆರಳಲ್ಲಿ ಎಳೆದರೇ ಕೈಗೆ ಬಂತು, ಹಿಂದೆಯೇ ಕಪ್ಪು ನೀರು ಇಳಿಯಿತು. ಪದರಗಳು ನೆಂದ ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡವು.

ಮೊದಲು ಬ್ಯಾಟರಿ ಕಳಚಬೇಕು ಅನ್ನೋದು ನಿಮಗೆ ಗೊತ್ತೇ ಇರುತ್ತೆ. ಹಿಂಬದಿಯ ಫೋಟೋ ತೆಗೆದು, ಒಂದೊಂದು ವೈರಿಗೂ ಚೀಟಿ ಕಟ್ಟಿ. ನೆನಪಿರುತ್ತೆ ಅಂದುಕೊಳ್ಳಬೇಡಿ, ಇರಲ್ಲ. ಆಮೇಲೆ ಪ್ಯಾನೆಲ್ ಹೊರತೆಗೆದು, ತೂತಿನ ಅಂಚಿಗೆ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ. ಗಟ್ಟಿಯಿದ್ದರೆ ಚೆನ್ನಾಗಿ ಒಣಗಿಸಿ, ಉಜ್ಜಿ, ಹೊಸದಾಗಿ ವಾರ್ನಿಷ್ ಹಾಕಿದರೆ ಸಾಕು. ಮೊನೆ ಒಳಗೆ ಇಳಿದರೆ ಆ ಪ್ಯಾನೆಲ್ ಮುಗಿಯಿತು. ಅದನ್ನೇ ಅಚ್ಚಾಗಿಟ್ಟು ಹೊಸದು ಕತ್ತರಿಸಿ.

ಮರೈನ್ ಪ್ಲೈ, ಅಂದ್ರೆ ಬೋಟಿಗೆಂದೇ ಮಾಡುವ ಪ್ಲೈವುಡ್, ಹಾಕಿದರೆ ನೀರಿನ ಭಯ ಇಲ್ಲ ಅನ್ನೋದು ಸುಳ್ಳು. ಅದರಲ್ಲಿ ನೀರಿಗೆ ಬಿಡದಿರೋದು ಅಂಟು, ಮರ ಮರವೇ. ಅದಕ್ಕೇ ಎಲ್ಲ ತೂತು ಕೊರೆದು ಮುಗಿಸಿದ ಮೇಲೆಯೇ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ಬಳಿಯಬೇಕು: ಮುಂದೆ, ಹಿಂದೆ, ಅಂಚಿಗೆ, ತೂತಿನ ಒಳಗೋಡೆಗೆ. ಅಂಚು ಜಾಸ್ತಿ ಕುಡಿಯುತ್ತೆ, ಅಲ್ಲಿ ಮೂರು ಕೋಟ್ ಹಾಕಿ. ಸ್ಕ್ರೂ ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣದಾಗಿ ಕೊರೆಯಿರಿ. ಆಗ ಸ್ಕ್ರೂ ಮರಕ್ಕೆ ತಾಗೋದೇ ಇಲ್ಲ.

ಎಪಾಕ್ಸಿ ಒಣಗಿದ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಕೂರುತ್ತೆ. ಮೊದಲು ನೀರಲ್ಲಿ ತೊಳೆದು, ಆಮೇಲೆ ಉಜ್ಜಿ. ಎಪಾಕ್ಸಿಯನ್ನು ಹಾಗೇ ಬಿಡಬೇಡಿ, ಬಿಸಿಲಿಗೆ ಹಳದಿಯಾಗಿ ಹಾಳಾಗುತ್ತೆ. ಮೇಲೆ ಬಿಸಿಲಿನ ಯುವಿ ಕಿರಣ ತಡೆಯುವ ವಾರ್ನಿಷ್ ಐದಾರು ಕೋಟ್ ಬೇಕು. ಹಳೆ ಪ್ಯಾನೆಲ್ ಮೇಲೆ ಯಾರೋ ಸಿಲಿಕೋನ್ ಪಾಲಿಶ್ ಸ್ಪ್ರೇ ಹಾಕಿ ಒರೆಸಿದ್ದರೆ ವಾರ್ನಿಷ್ ಹಿಡಿಯದೆ ಸಣ್ಣ ಸಣ್ಣ ಗುಳಿ ಬೀಳುತ್ತೆ. ಆ ಸ್ಪ್ರೇ ಡಬ್ಬಿಗಳನ್ನು ದಯವಿಟ್ಟು ಬೋಟಿನ ಹತ್ತಿರ ತರಬೇಡಿ.

ಪ್ರಶ್ನೆ: ಅಕ್ರಿಲಿಕ್ ಪ್ಯಾನೆಲ್ ಮಂಕಾಗಿದೆ. ಗಾಜು ಒರೆಸುವ ಸ್ಪ್ರೇ ಸಾಕಾ?

ಅಮೋನಿಯಾ ಇದ್ದರೆ ಮುಟ್ಟಲೇಬೇಡಿ. ಥಿನ್ನರ್, ಅಸಿಟೋನ್ ಕೂಡ ಬೇಡ, ಕೂದಲೆಳೆಯಂಥ ಬಿರುಕು ಬಿಡುತ್ತೆ. ಸೋಪು ನೀರಲ್ಲಿ ತೊಳೆದು, ಪ್ಲಾಸ್ಟಿಕ್‌ಗೆಂದೇ ಇರುವ ಪಾಲಿಶ್ ಹಾಕಿ.

ಪ್ರಶ್ನೆ: ಮೀಟರ್ ಗಾಜಿಗೆ ಟೂತ್‌ಪೇಸ್ಟ್?

ಹಲ್ಲಿಗೆ ಇಟ್ಟುಕೊಳ್ಳಿ. ಮಂಕು ಗಾಜಿನ ಒಳಗಿದ್ದರೆ ಅದು ತೇವ, ಹೊರಗೆ ಎಷ್ಟು ಉಜ್ಜಿದರೂ ಹೋಗಲ್ಲ.

ಪ್ರಶ್ನೆ: ಕಾರಿನ ಸ್ವಿಚ್ ಹಾಕಬಹುದಾ?

ಪೆಟ್ರೋಲ್ ಇಂಜಿನ್ ಬೋಟಿನ ಒಳಗೇ ಇದ್ದರೆ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ನಿಲ್ಲುತ್ತೆ. ಒಂದು ಕಿಡಿ ಸಾಕು. ಕಿಡಿ ಹೊರಬರದಂತೆ ಮಾಡಿದ, ಬೋಟಿಗೆಂದೇ ಇರುವ ಸ್ವಿಚ್ಚನ್ನೇ ತನ್ನಿ. ಈ ವಿಷಯದಲ್ಲಿ ನಾನು ಯಾರಿಗೂ ವಿನಾಯಿತಿ ಕೊಡಲ್ಲ.