ಇಂಗ್ಲಿಷ್ ಸಂದೇಹ: ‘ಬೋರಿಂಗ್’ ಯಾರು, ‘ಬೋರ್ಡ್’ ಯಾರು?

ಪ್ರಶ್ನೆ: ಇಂಟರ್‌ವ್ಯೂ ಅಭ್ಯಾಸದಲ್ಲಿ ‘ಐ ಆ್ಯಮ್ ವೆರಿ ಇಂಟರೆಸ್ಟಿಂಗ್ ಇನ್ ಅಕೌಂಟ್ಸ್’ ಅಂದೆ. ತಪ್ಪು ಅಂದರು, ಕಾರಣ ಹೇಳಲಿಲ್ಲ. ‘ಇಂಗ್’ ಎಲ್ಲಿ ಹಾಕಬೇಕು, ‘ಎಡ್’ ಎಲ್ಲಿ?
– ಬಿ.ಕಾಂ. ವಿದ್ಯಾರ್ಥಿನಿ, ಹಾವೇರಿ

ಉತ್ತರ: ‘ನಾನು ಬಹಳ ಸ್ವಾರಸ್ಯದ ವ್ಯಕ್ತಿ’ ಎಂದು ಹೇಳಿದ ಹಾಗಾಯಿತು. ಬೇಕಿದ್ದದ್ದು ‘ಇಂಟರೆಸ್ಟೆಡ್ ಇನ್’.

ಕನ್ನಡದಲ್ಲಿ ಭಾವನೆಗಳು ಹೆಚ್ಚಾಗಿ ‘ನನಗೆ’ ಆಗುತ್ತವೆ: ನನಗೆ ಬೇಜಾರಾಯಿತು, ನನಗೆ ಸುಸ್ತಾಗಿದೆ. ಇಂಗ್ಲಿಷಿನಲ್ಲಿ ಆ ‘ನನಗೆ’ ಇರುವ ಜಾಗಕ್ಕೆ ‘ಐ’ ಬರುತ್ತದೆ. ಹಾಗಾಗಿ ಬೇಜಾರು ಪಟ್ಟವರು ಯಾರು, ಪಡಿಸಿದ್ದು ಯಾವುದು ಎಂದು ತಿಳಿಸುವುದು ಪದದ ಕೊನೆಗೆ ಬರುವ ‘ಎಡ್’ ಅಥವಾ ‘ಇಂಗ್’ನ ಕೆಲಸ. ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ. ‘ಯಾರಿಗೆ ಆಗಿದೆ?’ ಅಂದರೆ ಸಿಗುವ ಉತ್ತರಕ್ಕೆ ‘ಎಡ್’. ‘ಯಾವುದರಿಂದ ಆಗಿದೆ?’ ಅಂದರೆ ಸಿಗುವ ಉತ್ತರಕ್ಕೆ ‘ಇಂಗ್’. ಪ್ರಯಾಣದಿಂದ ಸುಸ್ತು: ದ ಜರ್ನಿ ವಾಸ್ ಟಯರಿಂಗ್. ಸುಸ್ತಾದದ್ದು ನನಗೆ: ಐ ವಾಸ್ ಟಯರ್ಡ್.

‘ಮನುಷ್ಯರಿಗೆ ಎಡ್, ವಸ್ತುಗಳಿಗೆ ಇಂಗ್’ ಎಂಬ ಸುಲಭಸೂತ್ರವನ್ನು ದಯವಿಟ್ಟು ಬಿಟ್ಟುಬಿಡಿ. ಯಾರದೋ ಭಾಷಣ ಕೇಳಿ ಸಭೆಗೆ ಬೇಜಾರಾದರೆ ‘ದ ಸ್ಪೀಕರ್ ವಾಸ್ ಬೋರಿಂಗ್’ ಎಂಬುದೇ ಸರಿ. ಬೇಜಾರು ಅವರಿಂದ ಬಂತಲ್ಲ.

ಜೊತೆಗೆ ಬರುವ ಪುಟ್ಟ ಪದವನ್ನೂ ಸೇರಿಸಿಯೇ ಕಲಿಯಿರಿ: ಇಂಟರೆಸ್ಟೆಡ್ ಇನ್, ಬೋರ್ಡ್ ವಿತ್, ಎಕ್ಸೈಟೆಡ್ ಅಬೌಟ್. ‘ಟಯರ್ಡ್ ಆಫ್’ ಅಂದರೆ ಸಾಕಾಗಿಹೋಗಿದೆ ಎಂದು. ಮೈ ದಣಿದದ್ದನ್ನು ಹೇಳಲು ‘ಟಯರ್ಡ್ ಫ್ರಮ್’. ಎಲ್ಲ ಪದಕ್ಕೂ ‘ಇಂಗ್’ ಜೋಡಿ ಒಗ್ಗುವುದಿಲ್ಲ: ಸ್ಕೇರ್ಡ್‌ಗೆ ಸ್ಕೇರಿ, ಸ್ಟ್ರೆಸ್ಡ್‌ಗೆ ಸ್ಟ್ರೆಸ್‌ಫುಲ್, ಇಂಪ್ರೆಸ್ಡ್‌ಗೆ ಇಂಪ್ರೆಸಿವ್.

ಪ್ರಶ್ನೆ: ‘ಆಲ್‌ದೋ ಇಟ್ ವಾಸ್ ರೈನಿಂಗ್, ಬಟ್ ವಿ ವೆಂಟ್’ ಎಂದು ಬರೆದರೆ ಮೇಷ್ಟ್ರು ‘ಬಟ್’ ಹೊಡೆದುಹಾಕುತ್ತಾರೆ. ‘ಈವನ್ ದೋ’, ‘ಈವನ್ ಇಫ್’ ಕೂಡ ಗೊಂದಲ.
– ಪಿಯುಸಿ ವಿದ್ಯಾರ್ಥಿ, ಸಾಗರ

ಉತ್ತರ: ‘ಮಳೆ ಬರುತ್ತಿದ್ದರೂ ಹೋದೆವು’ ಅನ್ನುವಾಗ ವಿರೋಧವನ್ನೆಲ್ಲ ಆ ಕೊನೆಯ ‘ಊ’ ಹೇಳಿ ಮುಗಿಸುತ್ತದೆ. ‘ಬರುತ್ತಿದ್ದರೂ, ಆದರೆ ಹೋದೆವು’ ಎಂದು ನೀವು ಯಾವತ್ತೂ ಅನ್ನುವುದಿಲ್ಲ. ಆಲ್‌ದೋ ಅಂದರೆ ಆ ‘ಊ’, ಬಟ್ ಅಂದರೆ ‘ಆದರೆ’. ಎರಡರಲ್ಲಿ ಒಂದೇ ಸಾಕು. ಒತ್ತು ಬೇಕಿದ್ದರೆ ‘ವಿ ಸ್ಟಿಲ್ ವೆಂಟ್’ ಅನ್ನಬಹುದು.

ಎರಡನೆಯ ಗೊಂದಲಕ್ಕೆ ಕಾರಣ, ಕನ್ನಡದ ‘ಬಂದರೂ’ ಎರಡು ಅರ್ಥ ಹೊರುತ್ತದೆ. ‘ಮಳೆ ಬಂದರೂ ಹೋದೆ’: ಮಳೆ ಬಂದದ್ದು ನಿಜ, ಆದ್ದರಿಂದ ‘ಈವನ್ ದೋ ಇಟ್ ರೇನ್ಡ್’. ‘ಮಳೆ ಬಂದರೂ ಹೋಗುತ್ತೇನೆ’: ಬಂದೀತು, ಬರದೆಯೂ ಇದ್ದೀತು, ಆದ್ದರಿಂದ ‘ಈವನ್ ಇಫ್ ಇಟ್ ರೇನ್ಸ್’. ಇಲ್ಲಿ ‘ವಿಲ್ ರೇನ್’ ಬೇಡ. ಬರೀ ‘ಈವನ್’ ಬರೆದು ನಿಲ್ಲಿಸಬೇಡಿ; ‘ಈವನ್ ಹಿ ವಾಸ್ ಟಯರ್ಡ್’ ಅಂದರೆ ‘ಅವನಿಗೂ ಸುಸ್ತಾಗಿತ್ತು’ ಎಂದಾಗುತ್ತದೆ.

ಇದೇ ವಿರೋಧವನ್ನು ಹೇಳುವ ‘ಡಿಸ್ಪೈಟ್’ ಮುಂದೆ ನಾಮಪದ ಬರಬೇಕು: ಡಿಸ್ಪೈಟ್ ದ ರೇನ್. ‘ಆಫ್’ ಬೇಕಾದದ್ದು ‘ಇನ್ ಸ್ಪೈಟ್’ಗೆ ಮಾತ್ರ. ‘ಆದರೂ’ ಎಂಬ ಅರ್ಥದ ‘ಹೌಎವರ್’ಗೆ ಹಿಂದೆ ಪೂರ್ಣವಿರಾಮ, ಮುಂದೆ ಅಲ್ಪವಿರಾಮ.

ನೀವಿಬ್ಬರೂ ದಿನಕ್ಕೊಂದು ಸಂಗತಿ ಹಿಡಿದು ನಾಲ್ಕು ಬಗೆಯಲ್ಲಿ ಬರೆಯಿರಿ, ಗಟ್ಟಿಯಾಗಿ ಓದಿ:

ದ ವರ್ಕ್ ವಾಸ್ ಟಯರಿಂಗ್, ಬಟ್ ಶಿ ವಾಸ್ ನಾಟ್ ಬೋರ್ಡ್.
ಆಲ್‌ದೋ ದ ವರ್ಕ್ ವಾಸ್ ಟಯರಿಂಗ್, ಶಿ ವಾಸ್ ನಾಟ್ ಬೋರ್ಡ್.
ಡಿಸ್ಪೈಟ್ ದ ಟಯರಿಂಗ್ ವರ್ಕ್, ಶಿ ವಾಸ್ ನಾಟ್ ಬೋರ್ಡ್.
ದ ವರ್ಕ್ ವಾಸ್ ಟಯರಿಂಗ್. ಹೌಎವರ್, ಶಿ ವಾಸ್ ನಾಟ್ ಬೋರ್ಡ್.

ಮೂರನೆಯದರಲ್ಲಿ ಕೈ ತಾನಾಗಿಯೇ ‘ಡಿಸ್ಪೈಟ್ ದ ವರ್ಕ್ ವಾಸ್’ ಎಂದು ಹೊರಡುತ್ತದೆ. ‘ವಾಸ್’ ಕಂಡ ಕೂಡಲೇ ನಿಲ್ಲಿಸಿ, ‘ಡಿಸ್ಪೈಟ್’ ಹೊಡೆದು ‘ಆಲ್‌ದೋ’ ಬರೆಯಿರಿ.